ಭಾನುವಾರದ ಜ್ವರ

ಸಿತ್ರಾದಲ್ಲಿ ವಾರ ಹುಟ್ಟುವುದು ಭಾನುವಾರ.
ಎರಡು ದಿನ ರಜೆ ಉಂಡ ಎದೆಗೂಡಿಗೆ
ಕರಗಿದ ಸತುವಿನ ಹೊಗೆ ಮತ್ತೆ ಹೊಸತು.
ಸಂಜೆ ಇವರು ಮೆಟ್ಟಿಲು ಹತ್ತಿ ಬರುವಾಗ
ಹೊರಗೆ ನಲವತ್ತೆರಡು ಡಿಗ್ರಿ,
ಒಳಗೆ ಇವರಿಗೆ ಎರಡು ಕಂಬಳಿ ಸಾಲದು.

"ಬಾಯೆಲ್ಲ ಸಿಹಿ," ಅನ್ನುತ್ತಾರೆ ಹಲ್ಲು ಕಟಕಟಿಸುತ್ತ,
"ಸಕ್ಕರೆಯದಲ್ಲ ಮಾರಾಯ್ತಿ,
ಹಳೇ ಕೊಡಪಾನ ನೆಕ್ಕಿದ ಸಿಹಿ."
ಕಂಪನಿ ಕೊಟ್ಟ ಹಾಲಿನ ಪೊಟ್ಟಣ
ಒಡೆಯದೆ ತಂದಿದ್ದಾರೆ, ಮಗಳಿಗೆಂದು.
ಬೆಳಗಾದರೆ ಜ್ವರವಿಲ್ಲ.
ಸೋಮವಾರ ಇಲ್ಲ, ಬುಧವಾರ ಇಲ್ಲ,
ಮೈ ಒಪ್ಪಿಕೊಂಡುಬಿಡುತ್ತದೆ,
ಶುಕ್ರವಾರ ಬಂದು ಮರೆಸುವ ತನಕ.

ಹಣೆಗೊಂದು ಒದ್ದೆ ಬಟ್ಟೆ ಹಾಕಿ
ನಾನು ರಾತ್ರಿ ಪಾಳಿಗೆ ಹೊರಡುತ್ತೇನೆ.
ಸೇತುವೆಯ ಎರಡೂ ಕಡೆ ಕಪ್ಪು ನೀರು,
ಉದ್ದಕ್ಕೂ ಬೆಳ್ಳಗೆ ಹೊಳೆಯುವ ಕಂಬಿಬೇಲಿ:
ಇವರು ಅದ್ದಿದ್ದೋ, ಇವರ ಪಕ್ಕದ ಬಿಹಾರಿ ಅದ್ದಿದ್ದೋ,
ಯಾರಿಗೆ ಗೊತ್ತು.

ಮನಾಮಾದ ಲ್ಯಾಬಿನಲ್ಲಿ
ತೊಂಬತ್ತಾರು ಗುಳಿಯ ತಟ್ಟೆ ಕಾದಿದೆ.
ಗುಳಿಗೊಂದು ಹನಿ ಮೊಲದ ರಕ್ತ,
ಮೇಲೊಂದು ಹನಿ ವಿಷ,
ಕುರುವಿನ ಕೀವಿನಿಂದ ಸಾಕಿ ಬೆಳೆಸಿದ
ಬ್ಯಾಕ್ಟೀರಿಯಾ ಉಗುಳಿದ್ದು.
ಈ ವಿಷಕ್ಕೆ ಹಲ್ಲಿಲ್ಲ, ಕೊಂಡಿಯಿಲ್ಲ;
ಏಳು ತುಣುಕು ಕೈಕೈ ಹಿಡಿದು
ಜೀವಕೋಶದ ಮೈಮೇಲೆ ಸುತ್ತು ನಿಲ್ಲುತ್ತವೆ,
ನಡುವೆ ಒಂದು ತೂತು.
ಅಷ್ಟೇ. ಒಳಗಿನದು ಹೊರಗೆ, ಹೊರಗಿನ ನೀರು ಒಳಗೆ,
ಉಬ್ಬಿ ಉಬ್ಬಿ, ಒಡೆದು,
ಇಡೀ ಗುಳಿ ಪುನರ್ಪುಳಿ ಶರಬತ್ತು.

ಆದರೆ ಮೂರನೇ ಸಾಲು ಬೇರೆ.
ಅಲ್ಲಿ ಮೊದಲೇ ಹಾಕಿದ್ದೆ ಸತುವಿನ ಉಪ್ಪು,
ಕಣ್ಣಿಗೆ ಕಾಣದಷ್ಟು.
ಮೇಲೆ ತಿಳಿ ನೀರು, ತಳದಲ್ಲಿ
ಮದರಂಗಿ ಬೊಟ್ಟಿಟ್ಟ ಹಾಗೆ
ಕೋಶಗಳೆಲ್ಲ ಒಟ್ಟಿಗೆ ಕೂತಿವೆ, ಒಡೆಯದೆ.

ಡಾಕ್ಟರ್ ಬದ್ರಿಯಾ ತಟ್ಟೆಯನ್ನು ದೀಪಕ್ಕೆ ಹಿಡಿದು
ತನ್ನ ಅಜ್ಜನ ಮಾತು ತೆಗೆದಳು:
ಮುಹರ್ರಕ್ಕಿನ ಆಚೆ, ಕಡಲ ತಳದಲ್ಲಿ ತೂತುಗಳಿದ್ದವಂತೆ,
ಉಪ್ಪಿನ ನಡುವೆ ಸಿಹಿನೀರು ಉಕ್ಕುತ್ತಿತ್ತಂತೆ,
ಅಜ್ಜ ಆಡಿನ ತೊಗಲಚೀಲ ಹಿಡಿದು ಮುಳುಗಿ
ತುಂಬಿ ತರುತ್ತಿದ್ದನಂತೆ.
"ಈಗ?" ಕೇಳಿದೆ.
"ಮುಚ್ಚಿಹೋದವು," ಅಂದಳು,
"ಅವನ್ನು ಮುಚ್ಚಿ ಅಂತ ಯಾರೂ ಕೇಳಿರಲಿಲ್ಲ."
ಸುಲೈಮಾನಿ ಆರುವ ತನಕ
ನಾವಿಬ್ಬರೂ ಏನೂ ಬರೆದುಕೊಳ್ಳಲಿಲ್ಲ.

ಬೆಳಗಿನ ಬಾಂಗಿಗೆ ಮನೆ ಸೇರಿದೆ.
ಜ್ವರ ಇಳಿದು ಇವರು ಎದ್ದು ಕೂತಿದ್ದರು.
ಹೇಳಿದೆ: ನಿಮ್ಮ ಸತು ಇವತ್ತು ರಕ್ತ ಕಾಯಿತು.
ಇವರಿಗೆ ಆಶ್ಚರ್ಯವೇ ಇಲ್ಲ.
"ಕಬ್ಬಿಣಕ್ಕೆ ನಾನು ದಿನಾ ಮಾಡುವುದೂ ಅದೇ.
ಉಪ್ಪುಗಾಳಿ ಬಂದರೆ ಮೊದಲು ಸತುವನ್ನು ತಿನ್ನಲಿ ಅಂತ."
ಆಮೇಲೆ ಬೂದು ಹತ್ತಿದ ಅಂಗೈ ನೋಡುತ್ತ:
"ಎಷ್ಟು ಬೇಕಾಯಿತು?"

ಒಂದು ಚಿಟಿಕೆಯನ್ನು ಸಾವಿರ ಮಾಡಿ
ಅದರಲ್ಲೊಂದು, ಅಂದೆ.
ಹನ್ನೊಂದನೇ ಸಾಲಿನದು ಹೇಳಲಿಲ್ಲ.
ಅಲ್ಲಿ ವಿಷ ಹಾಕಿರಲೇ ಇಲ್ಲ,
ಬರೇ ಸತು, ಕೈತಪ್ಪಿ ನೂರು ಪಟ್ಟು,
ಅಲ್ಲೂ ಶರಬತ್ತೇ.

ಪೊಟ್ಟಣ ಒಡೆದು ಹಾಲು ಕಾಯಿಸಿದೆ.
"ಅವಳಿಗೆ," ಅಂದರು.
ಅವಳಿಗೆ ಬೇರೆ ತರುತ್ತೇನೆ, ಇದನ್ನು ನೀವು ಕುಡಿಯಿರಿ.
ಲೋಟದ ಅಂಚಿಗೆ ತುಟಿ ತಾಗಿಸಿ
ಸ್ವಲ್ಪ ಹೊತ್ತು ಹಾಗೇ ಇದ್ದರು:
"ಸಕ್ಕರೆ ಹಾಕಿದ್ದೀಯಾ?"

ಹಾಕಿರಲಿಲ್ಲ.
ಹೌದು ಅಂದೆ.